ಹಲ್ಲು ನೋಯುತ್ತದೆ, ಮನಸ್ಸೂ ನೋಯುತ್ತದೆ: ‘ನೋಯು’ ಬಳಸುವುದು ಹೇಗೆ?

ನನ್ನ ಹತ್ತಿರ ಕನ್ನಡ ಕಲಿಯಲು ಬರುತ್ತಿದ್ದವರೊಬ್ಬರು ಒಂದು ದಿನ ರಜೆ ಕೇಳಿ ಹೀಗೆ ಮೆಸೇಜ್ ಮಾಡಿದ್ದರು: “ನಾನು ಹೊಟ್ಟೆಯಿಂದ ತುಂಬಾ ನೊಂದಿದ್ದೇನೆ. ಇವತ್ತು ತರಗತಿಗೆ ಬರುವುದಿಲ್ಲ.”

ಓದಿ ಮೊದಲು ನಗು ಬಂತು, ಆಮೇಲೆ ಪಾಪ ಅನ್ನಿಸಿತು. ವಾಕ್ಯವನ್ನು ಎಲ್ಲಿ ತಿದ್ದುವುದು? ವಿಭಕ್ತಿ ಸರಿ ಇದೆ, ಕಾಲ ಸರಿ ಇದೆ, ‘ನಾನು’ ಅಂದಮೇಲೆ ‘ಇದ್ದೇನೆ’ ಬಂದಿದೆ. ನಿಘಂಟು ನೋಡಿದರೆ ‘ನೋಯು’ ಅಂದರೆ ನೋವಾಗು ಅಂತಲೇ ಇರುತ್ತದೆ. ಆದರೂ ಕನ್ನಡ ಮನೆಮಾತಾಗಿರುವ ಯಾರೂ ಹೀಗೆ ಹೇಳುವುದಿಲ್ಲ. ಹೊಟ್ಟೆಯೇ ಅವರಿಗೆ ಏನೋ ಆಡಬಾರದ ಮಾತಾಡಿ, ಅವರ ಮನಸ್ಸು ಮುರಿದುಬಿಟ್ಟಿದೆ ಅನ್ನುವ ಹಾಗಿದೆ ಇದು.

“ಯಾಕೆ ತಪ್ಪು?” ಅಂತ ಅವರು ಕೇಳಿದಾಗ “ಹಾಗೆ ಹೇಳಲ್ಲ, ಅಷ್ಟೇ” ಅಂದೆ. ಮೇಷ್ಟರು ಕೊಡಬಾರದ ಉತ್ತರ ಅದು. ಅವತ್ತಿನಿಂದ ಈ ಒಂದು ಕ್ರಿಯಾಪದದ ಹಿಂದೆ ಬಿದ್ದೆ. ಮೈಗೂ ಮನಸ್ಸಿಗೂ ನಾವು ಇದೊಂದನ್ನೇ ಬಳಸುತ್ತೇವೆ ನಿಜ, ಆದರೆ ಎರಡು ಕಡೆಯೂ ವಾಕ್ಯ ಕಟ್ಟುವ ರೀತಿ ಬೇರೆ. ಹುಟ್ಟಿನಿಂದ ಕನ್ನಡ ಆಡುವವರಿಗೆ ಇದು ಗೊತ್ತಿರುತ್ತದೆ, ಗೊತ್ತಿದೆ ಅನ್ನುವುದು ಗೊತ್ತಿರುವುದಿಲ್ಲ. ಕನ್ನಡ ಕಲಿಯುವವರಿಗೆ, ಕಲಿಸುವವರಿಗೆ, ಪತ್ರವೋ ವರದಿಯೋ ಬರೆಯುವವರಿಗೆ ಇದು ಉಪಯೋಗಕ್ಕೆ ಬರುತ್ತದೆ.

ಹಂತ 1: ನೋಯುತ್ತಿರುವುದು ಯಾರು, ನೋಡಿಕೊಳ್ಳಿ

ಈ ಎರಡು ವಾಕ್ಯ ನೋಡಿ.

ನನಗೆ ಕಾಲು ನೋಯುತ್ತಿದೆ.
ನಾನು ನೊಂದಿದ್ದೇನೆ.

ಮೊದಲನೆಯದರಲ್ಲಿ ಕರ್ತೃ ‘ಕಾಲು’. ನೋಯುವ ಕೆಲಸ ಕಾಲಿನದು. ನಾನು ‘ನನಗೆ’ ಆಗಿ ಪಕ್ಕದಲ್ಲಿ ನಿಂತಿದ್ದೇನೆ. ಎರಡನೆಯದರಲ್ಲಿ ನಾನೇ ಕರ್ತೃ. ನೊಂದವನು ಇಡೀ ಮನುಷ್ಯ, ಅವನ ಒಂದು ಭಾಗವಲ್ಲ.

ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಮೈನೋವಿನಲ್ಲಿ ಅಂಗ ಮುಂದೆ ಬರುತ್ತದೆ: ಕಾಲು ನೋಯುತ್ತದೆ, ಹಲ್ಲು ನೋಯುತ್ತದೆ, ಸೊಂಟ ನೋಯುತ್ತದೆ. ಮನುಷ್ಯ ‘ನನಗೆ’, ‘ಅವಳಿಗೆ’ ಆಗಿಯೋ, ‘ನನ್ನ’, ‘ಅವಳ’ ಆಗಿಯೋ ಜೊತೆಗಿರುತ್ತಾನೆ. ಮನಸ್ಸಿನ ನೋವಿನಲ್ಲಿ ಮನುಷ್ಯನೇ ಮುಂದೆ ಬರುತ್ತಾನೆ: ಅವಳು ನೊಂದಳು, ಅವರು ನೊಂದಿದ್ದಾರೆ, ನಾವು ನೊಂದೆವು.

‘ಮನಸ್ಸು’ ಮಾತ್ರ ಎರಡೂ ಕಡೆ ಕಾಲಿಟ್ಟಿದೆ. “ಅವಳು ನೊಂದಳು” ಅನ್ನಬಹುದು, “ಅವಳ ಮನಸ್ಸು ನೊಂದಿತು” ಅಂತಲೂ ಅನ್ನಬಹುದು. ಮನಸ್ಸನ್ನೂ ಒಂದು ಅಂಗ ಅಂತಲೇ ಭಾಷೆ ಎಣಿಸಿದ ಹಾಗಿದೆ, ಅಲ್ವಾ?

ಸಂದೇಹ ಬಂದರೆ ಒಂದು ಪರೀಕ್ಷೆ ಮಾಡಿ. ನಿಮ್ಮ ವಾಕ್ಯ ಕೇಳಿದವರು “ಎಲ್ಲಿ?” ಅನ್ನಬಹುದೋ, “ಯಾಕೆ?” ಅನ್ನಬಹುದೋ ಯೋಚಿಸಿ. “ನೋಯ್ತಿದೆ” ಅಂದರೆ ಎದುರಿನವರು “ಎಲ್ಲಿ?” ಅನ್ನುತ್ತಾರೆ. “ನೊಂದಿದ್ದಾರೆ” ಅಂದರೆ “ಯಾಕಂತೆ? ಯಾರೇನಂದ್ರು?” ಅನ್ನುತ್ತಾರೆ. “ಅವರು ತುಂಬಾ ನೊಂದಿದ್ದಾರೆ” ಅಂದಾಗ “ಎಲ್ಲಿ, ಮಂಡಿನಾ?” ಅಂತ ಯಾರಾದರೂ ಕೇಳಿದರೆ ಅವರು ತಮಾಷೆ ಮಾಡುತ್ತಿದ್ದಾರೆ ಅಂತಲೇ ಅರ್ಥ.

ಹಂತ 2: ಕಾಲ ಬದಲಾದಾಗ ರೂಪ ನೋಡಿ ಆರಿಸಿ

ಶಾಲೆಯ ಪುಸ್ತಕದಲ್ಲಿ ಇಲ್ಲದ, ನನಗೆ ತುಂಬಾ ಇಷ್ಟವಾದ ಭಾಗ ಇದು.

ಭೂತಕಾಲಕ್ಕೆ ಹೋದಾಗ ‘ನೋಯು’ ವೇಷ ಬದಲಿಸುತ್ತದೆ. ಉದ್ದ ‘ನೋ’ ಗಿಡ್ಡ ‘ನೊ’ ಆಗಿ, ನಡುವೆ ಸೊನ್ನೆ ಬಂದು ‘ನೊಂದ’ ಆಗುತ್ತದೆ. ಇದಕ್ಕೆ ಇಬ್ಬರು ನೆಂಟರಿದ್ದಾರೆ: ಬೇಯು, ಬೆಂದ, ಮೀಯು, ಮಿಂದ. ಮೂರನ್ನೂ ಒಟ್ಟಿಗೆ ಬಾಯಿಪಾಠ ಮಾಡಿಸಿ, ಬೇಗ ಕೂರುತ್ತದೆ. ‘ಸಾಯು’, ‘ಕಾಯು’ಗಳನ್ನು ಮಾತ್ರ ಈ ಗುಂಪಿಗೆ ಸೇರಿಸಬೇಡಿ. ಅವು ‘ಸತ್ತ’, ‘ಕಾದ’ ಅಂತ ತಮ್ಮದೇ ದಾರಿ ಹಿಡಿದಿವೆ.

ಹೀಗೆ ವೇಷ ಬದಲಿಸಿದ ‘ನೊಂದ’ ಇಂದಿನ ಕನ್ನಡದಲ್ಲಿ ಹೆಚ್ಚುಕಮ್ಮಿ ಮನಸ್ಸಿಗೇ ಮೀಸಲು. ಉದ್ದ ‘ನೋಯ್’ ಎರಡಕ್ಕೂ ಓಡಾಡುತ್ತದೆ, ಆದರೆ ಅದರ ಮನೆ ಮೈಯಲ್ಲೇ.

“ನಿನ್ನೆ ರಾತ್ರಿಯೆಲ್ಲಾ ಹಲ್ಲು ನೋಯ್ತಿತ್ತು.” ಇದು ಸಹಜ.
“ಸೂಜಿ ಚುಚ್ಚಿದಾಗ ಸ್ವಲ್ಪ ನೋಯ್ತು.” ಇದೂ ಸಹಜ.
“ನಿನ್ನೆ ರಾತ್ರಿ ಹಲ್ಲು ನೊಂದಿತು.” ಹಲ್ಲಿಗೆ ಯಾರು ಬೈದರು?

ವಿಶೇಷಣ ಮಾಡಿದಾಗ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಕಾಣುತ್ತದೆ. ‘ನೋಯುವ ಹಲ್ಲು’ ಕೀಳಿಸಬೇಕಾದ ಹಲ್ಲು. ‘ನೊಂದ ಮನಸ್ಸು’ ಸಮಾಧಾನ ಬೇಕಾದ ಮನಸ್ಸು. ಅದಲುಬದಲು ಮಾಡಿ ನೋಡಿ. ‘ನೊಂದ ಹಲ್ಲು’ ಮಕ್ಕಳ ಕತೆಯೊಂದರ ಹೆಸರಿನ ಹಾಗೆ ಕೇಳುತ್ತದೆ. ‘ನೋಯುವ ಮನಸ್ಸು’ ತಪ್ಪೇನಲ್ಲ, ಆದರೆ ಅರ್ಥ ಸ್ವಲ್ಪ ಸರಿಯಿತು: ಅದು ಈಗಾಗಲೇ ಪೆಟ್ಟು ತಿಂದ ಮನಸ್ಸಲ್ಲ, ಸಣ್ಣದಕ್ಕೂ ನೋಯುವ ಸೂಕ್ಷ್ಮ ಮನಸ್ಸು.

‘ನೊಂದವರು’ ಅನ್ನುವುದಂತೂ ಮನುಷ್ಯರ ಒಂದು ವರ್ಗಕ್ಕೇ ಹೆಸರಾಗಿದೆ. ಕಚೇರಿ ಕನ್ನಡದಲ್ಲಿ ‘ನೊಂದ ಮಹಿಳೆ’ ಅಂದರೆ ಅನ್ಯಾಯಕ್ಕೊಳಗಾದವರು. ಮೈಮೇಲೆ ಗಾಯ ಇರಬಹುದು, ಇಲ್ಲದೆಯೂ ಇರಬಹುದು.

ಮೊದಲಿನಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. ಹಳೆಯ ಯುದ್ಧಕಾವ್ಯಗಳಲ್ಲಿ ಬಾಣ ತಗುಲಿದವನೂ ‘ನೊಂದ’ವನೇ. ತಮಿಳಿನಲ್ಲಿ ಇದೇ ಬೇರಿನ ‘ನೋಯ್’ ಅಂದರೆ ಕಾಯಿಲೆ. ತೆಲುಗಿನಲ್ಲಿ ‘ನೊಪ್ಪಿ’ ಮೈಯ ನೋವು, ‘ನೊಚ್ಚುಕೊನು’ ಅಂದರೆ ಮನಸ್ಸಿಗೆ ಬೇಜಾರು ಮಾಡಿಕೊಳ್ಳುವುದು. ಒಂದೇ ಬೇರು ಎರಡು ಕೊಂಬೆಯಾಗುವುದು ಅಲ್ಲೂ ನಡೆದಿದೆ.

ಈ ಪದದ ಎಲ್ಲ ರೂಪಗಳನ್ನೂ ಒಂದೇ ಉಸಿರಿನಲ್ಲಿ ಕಲಿಸಬೇಕು ಅಂದರೆ ನಾನು 12ನೇ ಶತಮಾನಕ್ಕೆ ಹೋಗುತ್ತೇನೆ. ಅಕ್ಕಮಹಾದೇವಿಯ ವಚನದ ಸಾಲು: “ನೊಂದವರ ನೋವ ನೋಯದವರೆತ್ತ ಬಲ್ಲರು”. ನೊಂದ, ನೋವು, ನೋಯದ. ಭೂತ ಕೃದಂತ, ನಾಮಪದ, ನಿಷೇಧ ಮೂರೂ ಸಾಲಾಗಿ ನಿಂತಿವೆ. ಬೋರ್ಡಿನ ಮೇಲೆ ಇದೊಂದು ಸಾಲು ಬರೆದರೆ ಸಾಕು, ಕೋಷ್ಟಕ ಬೇಡ.

ಹಂತ 3: ‘ನೋವು’ ಅನ್ನುವ ನಾಮಪದ, ಅದರ ಹಿಂದೆ ಬರುವ ಬಾಲ

ಮಾತಿನಲ್ಲಿ ನಾವು ‘ನೋಯು’ಗಿಂತ ‘ನೋವು’ ಜಾಸ್ತಿ ಬಳಸುತ್ತೇವೆ. “ತಲೆ ನೋಯುತ್ತಿದೆ” ಅನ್ನುವ ಬದಲು “ತಲೆನೋವು” ಅಂದು ಸುಮ್ಮನಾಗುತ್ತೇವೆ. ಇಲ್ಲಿ ಅರ್ಥ ತೀರ್ಮಾನ ಮಾಡುವುದು ಮುಂದೆ ಬರುವ ಕ್ರಿಯಾಪದ.

ನೋವು ಇಳಿಯಿತು ಅಂದರೆ ಮೈಯದು. ನೋವು ಮರೆತ ಅಂದರೆ ಮನಸ್ಸಿನದು. ನೋವು ಕಾಣಿಸಿಕೊಂಡಿತು ಅಂದರೆ ಮೈ. ನೋವು ತೋಡಿಕೊಂಡ, ನೋವು ನುಂಗಿಕೊಂಡ, ನೋವು ಹಂಚಿಕೊಂಡ ಅಂದರೆ ಮನಸ್ಸು. “ನೋವು ತಡೆದುಕೊಂಡ” ಅನ್ನುವುದು ಎರಡೂ ಆಗಬಹುದು. “ಆ ವಿಷಯದ ಬಗ್ಗೆ ನನಗೆ ನೋವಿದೆ” ಅಂದಾಗ ‘ಬಗ್ಗೆ’ ಬಂದ ಕ್ಷಣವೇ ಮೈಯ ದಾರಿ ಮುಚ್ಚಿತು. ಮಂಡಿಯ ಬಗ್ಗೆ ಯಾರಿಗೂ ನೋವಿರುವುದಿಲ್ಲ, ಮಂಡಿಯಲ್ಲಿ ಇರುತ್ತದೆ.

ಜೋಡಿಪದಗಳೂ ಹೀಗೇ ಅರ್ಥ ಹಿಡಿದು ನಿಲ್ಲಿಸುತ್ತವೆ. ‘ಮೈಕೈ ನೋವು’ ಜ್ವರದ ಮುನ್ಸೂಚನೆ. ‘ನೋವು ನಲಿವು’ ಬದುಕಿನ ಲೆಕ್ಕ. ‘ನೊಂದು ಬೆಂದ ಜೀವ’ ಅಂದಾಗ ನೆಂಟ ‘ಬೆಂದ’ ಕೂಡ ಜೊತೆಗೆ ಬಂದು, ಒಲೆಯ ಬಿಸಿ ಬಿಟ್ಟು ಬದುಕಿನ ಬಿಸಿ ಹೇಳುತ್ತಾನೆ.

‘ಆಗು’ ಸೇರಿದಾಗ ಸ್ವಲ್ಪ ಹುಷಾರು. “ಕೈ ನೋವು” ಅಂದರೆ ನೋವು ಒಳಗಿನಿಂದಲೇ ಬಂದಿದೆ. “ಕೈಗೆ ನೋವಾಯಿತು” ಅಂದರೆ ಹೊರಗಿನಿಂದ ಏನೋ ತಗುಲಿದೆ. ಬಾಗಿಲಿಗೆ ಸಿಕ್ಕಿತು, ಯಾರೋ ತಿರುಚಿದರು. ಮನಸ್ಸಿಗೂ ಇದೇ ಕ್ರಮ: “ಮನಸ್ಸಿಗೆ ನೋವಾಯಿತು” ಅಂದರೆ ಹೊರಗಿನಿಂದ ಒಂದು ಮಾತೋ ನಡೆಯೋ ಬಂದು ತಗುಲಿದೆ.

ಬರೀ “ನೋವಾಗಿದೆ” ಅಂದರೆ? ಅಲ್ಲೇ ಎಡವಟ್ಟು. ಒಮ್ಮೆ ನನ್ನ ಕಾಲಿನ ಕಿರುಬೆರಳು ಮಂಚದ ಕಾಲಿಗೆ ಬಡಿಯಿತು. ಉಗುರು ಕಪ್ಪಾಯಿತು. ಅದೇ ಹೊತ್ತಿಗೆ ಗೆಳತಿಯೊಬ್ಬಳು “ಹೇಗಿದ್ದೀಯ?” ಅಂತ ಮೆಸೇಜ್ ಮಾಡಿದಳು. “ತುಂಬಾ ನೋವಾಗಿದೆ ಕಣೇ” ಅಂತ ಉತ್ತರಿಸಿ ಫೋನ್ ಪಕ್ಕಕ್ಕಿಟ್ಟೆ. ಹಿಂದಿನ ದಿನ ನಮ್ಮಿಬ್ಬರ ನಡುವೆ ಸಣ್ಣ ಮಾತಿನ ಚಕಮಕಿ ಆಗಿತ್ತು, ನಾನು ಮರೆತೇ ಬಿಟ್ಟಿದ್ದೆ. ಅವಳು ಮರೆತಿರಲಿಲ್ಲ. ಹತ್ತು ನಿಮಿಷದಲ್ಲಿ ಫೋನ್ ಮಾಡಿ, “ನಾನು ಹಾಗೆ ಅನ್ನಬಾರದಿತ್ತು” ಅಂತ ಗಂಟಲು ಕಟ್ಟಿಕೊಂಡು ಹೇಳಿದಳು. ಕಿರುಬೆರಳಿನ ಸಮಾಚಾರ ಹೇಳಲು ನನಗೇ ನಾಚಿಕೆಯಾಯಿತು. ‘ಕಾಲಿಗೆ’ ಅನ್ನುವ ಒಂದು ಪದ ಹಾಕಿದ್ದರೆ ಇಷ್ಟೆಲ್ಲಾ ಆಗುತ್ತಿರಲಿಲ್ಲ. ಮೆಸೇಜಿನಲ್ಲಿ ‘ನೋವಾಗಿದೆ’ ಬರೆಯುವಾಗ ಎಲ್ಲಿಗೆ ಅಂತಲೂ ಬರೆಯಿರಿ.

ಅಂಗದ ಹೆಸರೇ ಇಲ್ಲದೆ ಮೈಯ ಅರ್ಥ ಕೊಡುವ ಒಂದೇ ಒಂದು ಗಟ್ಟಿ ಬಳಕೆ ನನಗೆ ಗೊತ್ತಿರುವುದು: ದಿನ ತುಂಬಿದ ಬಸುರಿಯ ವಿಷಯದಲ್ಲಿ “ನೋವು ಶುರುವಾಗಿದೆ” ಅನ್ನುವುದು. ಹೆರಿಗೆ ಅನ್ನುವ ಪದವೇ ಬೇಕಿಲ್ಲ. ಉತ್ತರ ಕರ್ನಾಟಕದ ಕಡೆಯವರು ಇಲ್ಲಿ ‘ಬ್ಯಾನಿ’ ಅನ್ನುತ್ತಾರೆ. ತಲೆಗೂ ಹೊಟ್ಟೆಗೂ ಅದೇ ಪದ. ‘ಬೇನೆ’ ಮೈಯ ಕಡೆಗೇ ಹೆಚ್ಚು ವಾಲುವ ಪದವಾದ್ದರಿಂದ ಅವರಿಗೆ ಈ ಗೊಂದಲ ಕಮ್ಮಿ. ಅದು ಅವರ ಅದೃಷ್ಟ.

ಹಂತ 4: ನೋಯಿಸು, ನೊಂದುಕೊಳ್ಳು. ಕ್ಷಮೆ ಕೇಳುವಾಗ ಯಾವುದು?

‘ನೋಯಿಸು’ ಅಂದರೆ ನೋಯುವಂತೆ ಮಾಡು. ಆದರೆ “ಡಾಕ್ಟರು ನನ್ನನ್ನು ನೋಯಿಸಿದರು” ಅಂದರೆ ಕೇಳಿದವರ ತಲೆಗೆ ಸೂಜಿ ಬರುವುದಿಲ್ಲ, ಒರಟು ಮಾತು ಬರುತ್ತದೆ. ಸೂಜಿಯ ವಿಷಯ ಹೇಳಬೇಕಾದರೆ “ನೋವು ಮಾಡಿದರು” ಅಥವಾ “ತುಂಬಾ ನೋಯ್ತು” ಅಂದರೆ ಸರಿ. ಮಕ್ಕಳೂ ಡಾಕ್ಟರ ಮುಂದೆ “ನೋವು ಮಾಡ್ಬೇಡಿ” ಅಂತಲೇ ಅಳುತ್ತವೆ, “ನೋಯಿಸಬೇಡಿ” ಅನ್ನುವುದಿಲ್ಲ.

‘ಮಾಡಿಕೊಳ್ಳು’ ಸೇರಿದರೆ ನೋವು ತನ್ನಿಂದಲೇ ಬಂದದ್ದು: “ಆಡಲು ಹೋಗಿ ಕಾಲು ನೋವು ಮಾಡಿಕೊಂಡ.” ಮನಸ್ಸಿಗೆ ಇದರ ಜೋಡಿ ‘ನೊಂದುಕೊಳ್ಳು’. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. “ಅವಳು ನೊಂದಳು” ಅಂದಾಗ ತಪ್ಪು ಇನ್ನೊಬ್ಬರದು. “ಅವಳು ನೊಂದುಕೊಂಡಳು” ಅಂದಾಗ ಆ ‘ಕೊಂಡಳು’ ಒಂದಿಷ್ಟು ಭಾರವನ್ನು ಅವಳ ಹೆಗಲಿಗೂ ಹಾಕುತ್ತದೆ. ಅವಳೇ ಮನಸ್ಸಿಗೆ ಹಚ್ಚಿಕೊಂಡಳು ಅನ್ನುವ ದನಿ ಅದು. “ನೀನು ಸುಮ್ನೆ ನೊಂದ್ಕೋತೀಯ” ಅಂತ ನಾವು ಹೇಳುವುದು ಅದಕ್ಕೇ.

ಈಗ ಕ್ಷಮೆ ಕೇಳುವ ವಾಕ್ಯಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿ.

ನನ್ನ ಮಾತಿನಿಂದ ನಿಮ್ಮನ್ನು ನೋಯಿಸಿದೆ. ಕ್ಷಮಿಸಿ.
ನನ್ನ ಮಾತಿನಿಂದ ನಿಮಗೆ ನೋವಾಯಿತು. ಕ್ಷಮಿಸಿ.
ನಿಮಗೆ ನೋವಾಗಿದ್ದರೆ ಕ್ಷಮಿಸಿ.
ನೀವು ನೊಂದುಕೊಂಡಿದ್ದರೆ ಕ್ಷಮಿಸಿ.

ಮೇಲಿನಿಂದ ಕೆಳಗೆ ಬಂದ ಹಾಗೆ ಮಾತಾಡುವವನು ಮೆಲ್ಲಗೆ ಜಾಗ ಖಾಲಿ ಮಾಡುತ್ತಾನೆ. ಮೊದಲನೆಯದರಲ್ಲಿ ಮಾಡಿದವನು ಎದುರಿಗೇ ನಿಂತಿದ್ದಾನೆ. ಎರಡನೆಯದರಲ್ಲಿ ಅವನ ಮಾತು ಉಳಿದಿದೆ. ಮೂರನೆಯದರಲ್ಲಿ ಯಾರೂ ಇಲ್ಲ, ಜೊತೆಗೆ ‘ದರೆ’ ಅನ್ನುವ ಅನುಮಾನ ಬೇರೆ. ಕೊನೆಯದರಲ್ಲಂತೂ ತಪ್ಪು ಕೇಳುವವರದೇ. “ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ” ಅನ್ನುವ ಪತ್ರಿಕಾ ಹೇಳಿಕೆಗಳು ಈ ಮೂರನೆಯ ಮೆಟ್ಟಿಲಿನವು. ನಿಜವಾಗಿ ಕ್ಷಮೆ ಕೇಳುವುದಿದ್ದರೆ ‘ನೋಯಿಸಿದೆ’ ಬರೆಯಿರಿ. ಬರೆಯುವಾಗ ಕೈ ತಡೆಯುತ್ತದೆ. ತಡೆದರೆ ಸರಿಯಾದ ಪದ ಸಿಕ್ಕಿದೆ ಅಂತ ಅರ್ಥ.

ಇಲ್ಲೊಂದು ಸಣ್ಣ ಗಮನಿಕೆ. ಈಗಿನ ಮಾತಿನಲ್ಲಿ ಇಂಗ್ಲಿಷಿನಿಂದ ಎರಡು ಪದ ಬಂದು ಈ ಎರಡು ಅರ್ಥಗಳನ್ನು ಹಂಚಿಕೊಂಡಿವೆ. “ನಂಗೆ ಹರ್ಟ್ ಆಯ್ತು” ಅಂದರೆ ಮನಸ್ಸು. “ಬ್ಯಾಕ್ ಪೇನ್” ಅಂದರೆ ಮೈ. ಇಂಗ್ಲಿಷಿನಲ್ಲಿ ಇವೆರಡೂ ಎರಡೂ ಕಡೆ ಓಡಾಡುವ ಪದಗಳೇ, ಕನ್ನಡಕ್ಕೆ ಬಂದಮೇಲೆ ಒಂದೊಂದು ಮನೆ ಹಿಡಿದವು. “ಕಾಲು ಹರ್ಟ್ ಆಯ್ತು” ಅಂತ ಹೇಳುವವರು ಅಪರೂಪ. ‘ನೋಯ್ತು’, ‘ನೊಂದ’ ಎಂದು ನಾವು ಮೊದಲೇ ಮಾಡಿಕೊಂಡಿದ್ದ ಪಾಲು ಇಲ್ಲೂ ಮುಂದುವರಿದಿದೆ. ಹಾಗಾಗಿ ‘ಹರ್ಟ್’ ಬಳಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದಿಲ್ಲ. ಆದರೆ ಪತ್ರದಲ್ಲಿ “ಹರ್ಟ್ ಆಗಿದೆ” ಅಂತ ಬರೆದರೆ ನೋವು ಹಗುರವಾಗಿ ಕಾಣುತ್ತದೆ. ಅಲ್ಲಿ ‘ನೊಂದಿದ್ದೇನೆ’ಯೇ ಇರಲಿ.

ಹಂತ 5: ಡಾಕ್ಟರ ಮುಂದೆ ಕೂತಾಗ ಬರೀ ‘ನೋಯ್ತಿದೆ’ ಸಾಲದು

ಡಾಕ್ಟರು “ಎಂಥ ನೋವು?” ಅಂತ ಕೇಳಿದಾಗ ಎಷ್ಟೋ ಜನ “ನೋವು ಸಾರ್, ತುಂಬಾ ನೋವು” ಅಂತಲೇ ಹೇಳುತ್ತಾರೆ. ಕನ್ನಡದಲ್ಲಿ ಪದಕ್ಕೇನೂ ಬರವಿಲ್ಲ. ತಲೆ ಸಿಡಿಯುತ್ತದೆ. ಕಾಲು ಸೆಳೆಯುತ್ತದೆ. ಹೊಟ್ಟೆ ಹಿಂಡುತ್ತದೆ, ಇಲ್ಲ ಮುರಿಯುತ್ತದೆ. ಗಾಯ ಉರಿಯುತ್ತದೆ, ಕೀವು ತುಂಬಿದ ಬೆರಳು ಪಟಪಟ ಮಿಡಿಯುತ್ತದೆ. ತಣ್ಣನೆಯದು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ. ಪಕ್ಕೆಯಲ್ಲಿ ಚುಚ್ಚುತ್ತದೆ. ಕುತ್ತಿಗೆ ಹಿಡಿದುಕೊಳ್ಳುತ್ತದೆ. ಇದರಲ್ಲಿ ಒಂದನ್ನು ಹೇಳಿದರೂ ಡಾಕ್ಟರಿಗೆ ಸುಳಿವು ಸಿಗುತ್ತದೆ.

ಸುಳಿವು ಅಂದದ್ದು ಸುಮ್ಮನೆ ಅಲ್ಲ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ 1975ರಲ್ಲಿ ನೋವನ್ನು ಅಳೆಯಲು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ ನೋವನ್ನು ವರ್ಣಿಸುವ 78 ಪದಗಳನ್ನು 20 ಗುಂಪು ಮಾಡಿ ಇಟ್ಟಿದ್ದಾರೆ. ಚುಚ್ಚುವ, ಉರಿಯುವ, ಮಿಡಿಯುವ ಅನ್ನುವಂಥ ಸಂವೇದನೆಯ ಪದಗಳ ಜೊತೆಗೆ ಸುಸ್ತು ಮಾಡುವ, ಭಯ ಹುಟ್ಟಿಸುವ ಅನ್ನುವಂಥ ಭಾವನೆಯ ಪದಗಳೂ ಅಲ್ಲಿವೆ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತರರಾಷ್ಟ್ರೀಯ ಸಂಘ 1979ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲೂ ನೋವು ಅಂದರೆ ಸಂವೇದನೆಯೂ ಹೌದು, ಭಾವನೆಯೂ ಹೌದು ಅಂತಿದೆ. 2020ರಲ್ಲಿ ವ್ಯಾಖ್ಯೆ ತಿದ್ದಿದಾಗಲೂ ಆ ಎರಡನ್ನೂ ಬಿಡಲಿಲ್ಲ. ಕನ್ನಡ ಒಂದೇ ಪದ ಇಟ್ಟುಕೊಂಡದ್ದು ಪದದ ಬಡತನ ಅಂದುಕೊಂಡವರಿಗೆ ಇದನ್ನು ತೋರಿಸಬಹುದು.

ಡಾಕ್ಟರಿಗೆ ಹೇಳುವ ವಾಕ್ಯ ಕಟ್ಟುವಾಗ ಅಂಗ, ಬಗೆ, ಹೊತ್ತು, ಕಾರಣ ಇಷ್ಟು ಬರಲಿ: “ಬಲಗಾಲಿನ ಮಂಡಿ, ಮೆಟ್ಟಿಲು ಇಳಿಯುವಾಗ ಚುಚ್ಚಿದ ಹಾಗೆ ನೋಯುತ್ತದೆ. ಕೂತರೆ ನೋಯಲ್ಲ. ಒಂದು ವಾರದಿಂದ ಹೀಗಿದೆ.” ಇಲ್ಲಿ ‘ನೋಯಲ್ಲ’ ಅನ್ನುವುದಕ್ಕೂ ‘ನೋಯುತ್ತದೆ’ಯಷ್ಟೇ ಬೆಲೆ ಇದೆ. ಯಾವಾಗ ನೋಯುವುದಿಲ್ಲ ಅನ್ನುವುದನ್ನು ಹೇಳಲು ಮರೆಯುವವರೇ ಜಾಸ್ತಿ.

ಮನಸ್ಸಿನ ತಜ್ಞರ ಮುಂದೆ ಕೂತರೆ ಇದೆಲ್ಲ ತಿರುಗುಮುರುಗು. ಅಲ್ಲಿ “ಮನಸ್ಸಿಗೆ ನೋವಾಗಿದೆ” ಅನ್ನುವುದು ಬಾಗಿಲು ಮಾತ್ರ. ಬೇಜಾರೋ, ಅವಮಾನವೋ, ಒಂಟಿತನವೋ, ಸಿಟ್ಟೋ ಅಂತ ಬಿಡಿಸಿ ಹೇಳಬೇಕು.

ಹಂತ 6: ಎದೆ, ಹೊಟ್ಟೆ, ತಲೆ ಬಂದಾಗ ನಿಧಾನಿಸಿ

ಕೆಲವು ಅಂಗಗಳು ಎರಡು ಕೆಲಸ ಮಾಡುತ್ತವೆ.

‘ಎದೆ ನೋವು’ ಅಂದರೆ ಮೈಯ ನೋವೇ. ಮನಸ್ಸಿನ ವಿಷಯಕ್ಕೆ ಬಂದಾಗ ಎದೆ ಭಾರವಾಗುತ್ತದೆ, ಒಡೆಯುತ್ತದೆ, ಝಲ್ಲೆನ್ನುತ್ತದೆ, ನೋಯುವುದು ಕಮ್ಮಿ. ಆದ್ದರಿಂದ ಕತೆಯಲ್ಲಿ “ಅವಳ ನೆನಪಾಗಿ ಅವನಿಗೆ ಎದೆ ನೋಯಿತು” ಅಂತ ಬರೆದರೆ ಓದುಗ ಆಂಬುಲೆನ್ಸ್ ಹುಡುಕುತ್ತಾನೆ. ಮನೆಯಲ್ಲಿ ಯಾರಾದರೂ “ಎದೆ ನೋಯ್ತಿದೆ” ಅಂದರೆ, ಅವರು ಎಷ್ಟೇ ದುಃಖದಲ್ಲಿರಲಿ, ಅದನ್ನು ಉಪಮೆ ಅಂತ ತಳ್ಳಿಹಾಕಬೇಡಿ. ಜಪಾನಿನ ವೈದ್ಯರು 1990ರಲ್ಲಿ ಟಾಕೋತ್ಸುಬೋ ಅನ್ನುವ ಒಂದು ಸ್ಥಿತಿಯನ್ನು ವಿವರಿಸಿದರು. ತೀವ್ರ ದುಃಖ ಅಥವಾ ಆಘಾತವಾದಾಗ ಹೃದಯದ ಕೆಳಗಿನ ಭಾಗ ಉಬ್ಬಿ ದುರ್ಬಲವಾಗಿ, ಹೃದಯಾಘಾತದ ಹಾಗೆಯೇ ಎದೆ ನೋವು ಬರಬಹುದು. ಆಕ್ಟೋಪಸ್ ಹಿಡಿಯುವ ಮಡಕೆಯ ಆಕಾರಕ್ಕೆ ಹೃದಯ ತಿರುಗುವುದರಿಂದ ಆ ಮಡಕೆಯ ಹೆಸರನ್ನೇ ಇಟ್ಟರು. ಹಾಗಾಗಿ ದುಃಖದ ಮನೆಯಲ್ಲೂ ‘ಎದೆ ನೋವು’ ಅಂದರೆ ಆಸ್ಪತ್ರೆಗೆ ಹೊರಡುವ ಮಾತೇ.

ಹೊಟ್ಟೆಯ ಕತೆ ಬೇರೆ. ‘ಹೊಟ್ಟೆನೋವು’ ಯಾವಾಗಲೂ ಮೈಯದು. ಆದರೆ ‘ಹೊಟ್ಟೆ ಉರಿ’ ಅಂದರೆ ಒಂದೋ ಆಮ್ಲ, ಇಲ್ಲವೋ ಅಸೂಯೆ, ಇಲ್ಲವೋ ಅನ್ಯಾಯ ಕಂಡಾಗ ಹುಟ್ಟುವ ಸಂಕಟ. “ನನಗೆ ಹೊಟ್ಟೆ ಉರಿಯುತ್ತಿದೆ” ಅನ್ನುವುದನ್ನು ಡಾಕ್ಟರ ಕೋಣೆಯಲ್ಲಿ ಹೇಳಿದರೆ ಮಾತ್ರೆ ಸಿಗುತ್ತದೆ, ಪಕ್ಕದ ಮನೆಯವರ ಹೊಸ ಕಾರಿನ ಮುಂದೆ ನಿಂತು ಹೇಳಿದರೆ ಜಗಳ. ತಲೆಯದೂ ಹೀಗೇ. ‘ಮೈ ಬಿಸಿ’ ಜ್ವರ, ‘ತಲೆಬಿಸಿ’ ಚಿಂತೆ. ‘ತಲೆನೋವು’ ಮಾತ್ರ ಮೈಯ ನೋವೂ ಹೌದು, ಕಾಟ ಕೊಡುವ ಮನುಷ್ಯನೂ ಹೌದು: “ಆ ಮನುಷ್ಯ ಒಂದು ದೊಡ್ಡ ತಲೆನೋವು.” ಹೀಗೆ ಯಾರನ್ನೂ ಹೊಟ್ಟೆನೋವು ಅಥವಾ ಬೆನ್ನುನೋವು ಅಂತ ಕರೆಯುವುದಿಲ್ಲ. ಯಾಕೆ ಅಂತ ಕೇಳಿದರೆ ಮತ್ತೆ ಅದೇ ಹಳೇ ಉತ್ತರ: ಹಾಗೆ ಹೇಳಲ್ಲ, ಅಷ್ಟೇ.

ಹಂತ 7: ನೋವು ಹೋದದ್ದನ್ನು ಹೇಳುವುದು

ಇಲ್ಲಿ ಗೊಂದಲ ಮಾಡುವುದು ಮೂರು ಪದ: ಮಾಯು, ಮಾಸು, ಮಾಯವಾಗು. ಗಾಯ ಮಾಯುತ್ತದೆ, ಅಂದರೆ ಕೂಡಿಕೊಂಡು ವಾಸಿಯಾಗುತ್ತದೆ. ಕಲೆ, ಬಣ್ಣ, ನೆನಪು ಮಾಸುತ್ತವೆ. ಮಾಯವಾಗುವುದು ಕಣ್ಣಿಗೆ ಕಾಣದಾಗುವುದು. “ಗಾಯ ಮಾಯವಾಯಿತು” ಅಂದರೆ ಜಾದೂ ನಡೆದಿದೆ. ಮನಸ್ಸಿಗೆ ‘ಮಾಯದ ಗಾಯ’ ಅನ್ನುವುದು ಒಪ್ಪುತ್ತದೆ, ‘ಮಾಸದ ನೋವು’ ಅನ್ನುವುದೂ ಒಪ್ಪುತ್ತದೆ. ‘ಗುಣವಾಗು’ ಮಾತ್ರ ಮೈಯ ಕಾಯಿಲೆಗೇ ಇರಲಿ. “ನನ್ನ ದುಃಖ ಗುಣವಾಯಿತು” ಅಂದರೆ ದುಃಖಕ್ಕೆ ಔಷಧಿ ಚೀಟಿ ಬರೆಸಿದ ಹಾಗೆ.

ಹಂತ 8: ಕೈಯಾಡಿಸಿ ನೋಡಿ

ಇವನ್ನು ತಿದ್ದಲು ಪ್ರಯತ್ನಿಸಿ. “ನಾನು ಬೆನ್ನಿನಲ್ಲಿ ನೋಯುತ್ತಿದ್ದೇನೆ.” ಬೆನ್ನು ಕರ್ತೃ ಆಗಲಿ: ನನಗೆ ಬೆನ್ನು ನೋಯುತ್ತಿದೆ. “ಬಿದ್ದು ಅವನ ಮೊಣಕೈ ನೊಂದಿದೆ.” ಹೊರಗಿನ ಪೆಟ್ಟು, ಆದ್ದರಿಂದ: ಮೊಣಕೈಗೆ ನೋವಾಗಿದೆ, ಅಥವಾ ಮೊಣಕೈಗೆ ಪೆಟ್ಟಾಗಿದೆ. “ಅತ್ತೆಯ ಮಾತಿಗೆ ಅವಳಿಗೆ ನೋಯ್ತಿದೆ.” ತಪ್ಪಲ್ಲ, ಆದರೆ ‘ಎಲ್ಲಿ?’ ಅಂತ ಕೇಳುವ ಹಾಗಿದೆ. ‘ಮನಸ್ಸು’ ಸೇರಿಸಿ, ಇಲ್ಲ ‘ನೊಂದಿದ್ದಾಳೆ’ ಅನ್ನಿ. “ಅನಾರೋಗ್ಯದಿಂದ ನೊಂದಿದ್ದರು” ಅನ್ನುವ ಪತ್ರಿಕೆಯ ವಾಕ್ಯ ಸರಿ ಇದೆಯೇ? ಸರಿಯೇ, ಆದರೆ ಅದು ಕಾಯಿಲೆ ಎಷ್ಟು ನೋಯುತ್ತಿತ್ತು ಅಂತ ಹೇಳುತ್ತಿಲ್ಲ. ಕಾಯಿಲೆ ಅವರ ಮನಸ್ಸಿಗೆ ಏನು ಮಾಡಿತ್ತು ಅಂತ ಹೇಳುತ್ತಿದೆ. ವರದಿ ಬರೆಯುವವರು ಅಷ್ಟು ಖಚಿತವಾಗಿ ಗೊತ್ತಿದ್ದರೆ ಮಾತ್ರ ‘ನೊಂದು’ ಬಳಸಲಿ.

ರಜೆ ಕೇಳಿದ್ದವರು ಈ ಪಾಠವೆಲ್ಲ ಮುಗಿದ ಮೇಲೆ ಇನ್ನೊಮ್ಮೆ ತರಗತಿ ತಪ್ಪಿಸಿದರು. ಆಗ ಬಂದ ಮೆಸೇಜ್ ಹೀಗಿತ್ತು: “ಮೇಡಂ, ಇವತ್ತು ಮತ್ತೆ ಹೊಟ್ಟೆ ನೋಯುತ್ತಿದೆ. ನಾನು ನೊಂದಿಲ್ಲ.”